ಸಾಲಾರ್ ಜಂಗ್: ಚಿನ್ನ, ಚಿಪ್ಪಿನ ಜಪಾನಿ ಪೆಟ್ಟಿಗೆಗಳನ್ನು ಹೈದರಾಬಾದಿಗೆ ತಂದ ಒಂಟಿ ನವಾಬ

ಹೈದರಾಬಾದಿಗೆ ಹೋದವರು ಚಾರ್ಮಿನಾರ್ ನೋಡುತ್ತಾರೆ, ಬಿರಿಯಾನಿ ತಿನ್ನುತ್ತಾರೆ, ಹೊತ್ತು ಉಳಿದರೆ ಸಾಲಾರ್ ಜಂಗ್ ಮ್ಯೂಸಿಯಂ ಕಡೆ ಹೋಗುತ್ತಾರೆ. ಒಳಗೆ ಹೋದವರು ಮೊದಲು ಹುಡುಕುವುದು ಎರಡನ್ನು. ತಾಸಿಗೊಮ್ಮೆ ಗಡ್ಡದ ಪುಟ್ಟ ಗೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರ ಒಂದು, ಅಮೃತಶಿಲೆಯಲ್ಲಿ ಮುಸುಕು ಹೊದ್ದು ನಿಂತಿರುವ ರೆಬೆಕ್ಕಾ ಇನ್ನೊಂದು. ಇವೆರಡನ್ನು ನೋಡಿದರೆ ಬಹಳಷ್ಟು ಮಂದಿಗೆ ಮ್ಯೂಸಿಯಂ ಮುಗಿದ ಹಾಗೆ.

ಅದೇ ಮ್ಯೂಸಿಯಂನಲ್ಲಿ ಚೀನಾ ಮತ್ತು ಜಪಾನಿನ ವಸ್ತುಗಳ ದೊಡ್ಡ ವಿಭಾಗವಿದೆ. ಪಿಂಗಾಣಿ, ಕಂಚು, ರೇಷ್ಮೆ ಕಸೂತಿ, ದಂತ, ಕತ್ತಿಗಳ ಜೊತೆಗೆ ಅಲ್ಲಿ ಲ್ಯಾಕರ್ ಕೆಲಸದ ವಸ್ತುಗಳೂ ಇವೆ. ಮೆರುಗು ಹಾಕಿದ ಮೈ, ಅದರ ಮೇಲೆ ಚಿನ್ನದ ಪುಡಿಯ ಚಿತ್ತಾರ, ನಡುನಡುವೆ ಮುತ್ತಿನ ಚಿಪ್ಪಿನ ಮಿನುಗು: ಜಪಾನಿನ ಈ ಕಲೆಗೆ ಒಂದು ಕಾಲದಲ್ಲಿ ಯುರೋಪಿನ ರಾಣಿಯರೂ ಮನಸೋತಿದ್ದರು. ಅಂಥ ವಸ್ತುಗಳು ಜಪಾನಿನಿಂದ ಸಾವಿರಾರು ಕಿಲೋಮೀಟರ್ ದೂರದ ದಖ್ಖನ್ನಿನ ಬಿಸಿಲಿಗೆ ಬಂದದ್ದು ಮುಖ್ಯವಾಗಿ ಒಬ್ಬ ಮನುಷ್ಯನ ಹಂಬಲದಿಂದ. ಅವರು ನವಾಬ್ ಮೀರ್ ಯೂಸುಫ್ ಅಲಿ ಖಾನ್. ಚರಿತ್ರೆಯಲ್ಲಿ ಅವರ ಹೆಸರು ಮೂರನೇ ಸಾಲಾರ್ ಜಂಗ್.

ಮದುವೆಯಾಗದ, ಮಕ್ಕಳಿಲ್ಲದ, 25ನೇ ವಯಸ್ಸಿಗೇ ಅಧಿಕಾರ ಬಿಟ್ಟ ಈ ನವಾಬರ ಬದುಕು ಕನ್ನಡ ನಾಡಿನ ಜೊತೆಗೂ ಹೆಣೆದುಕೊಂಡಿದೆ. ಅವರ ಖಜಾನೆ ತುಂಬಿದ ಊರುಗಳಲ್ಲಿ ನಮ್ಮ ಕೊಪ್ಪಳವೂ ಒಂದು.

ಬಿಜಾಪುರದಿಂದ ಬಂದ ಮನೆತನ

ಸಾಲಾರ್ ಜಂಗ್ ಮನೆತನದವರು ತಮ್ಮ ಮೂಲವನ್ನು ಅರೇಬಿಯಾದ ಮದೀನಾಕ್ಕೆ ಒಯ್ಯುತ್ತಾರೆ. ಅಲ್ಲಿಂದ ಬಂದ ಹಿರಿಯರು ಮೊದಲು ನೆಲೆ ನಿಂತದ್ದು ಬಿಜಾಪುರದಲ್ಲಿ, ಆದಿಲ್‌ಶಾಹಿ ದೊರೆಗಳ ಆಶ್ರಯದಲ್ಲಿ. ಬಿಜಾಪುರ ಬಿದ್ದ ಮೇಲೆ ಮೊಗಲರ ಸೇವೆ, ಮೊಗಲರು ಕುಗ್ಗಿದ ಮೇಲೆ ಹೈದರಾಬಾದ್ ನಿಜಾಮರ ಸೇವೆ. ದೊರೆಗಳು ಬದಲಾದರೂ ದರ್ಬಾರಿನ ನಂಟು ಈ ಮನೆತನಕ್ಕೆ ತಪ್ಪಲಿಲ್ಲ.

ಮನೆತನಕ್ಕೆ ದೊಡ್ಡ ಹೆಸರು ತಂದವರು ತಾತ ಮೀರ್ ತುರಾಬ್ ಅಲಿ ಖಾನ್, ಅಂದರೆ ಮೊದಲನೇ ಸಾಲಾರ್ ಜಂಗ್. 1853ರಲ್ಲಿ ಹೈದರಾಬಾದಿನ ದಿವಾನರಾದಾಗ ಅವರಿಗೆ ಇನ್ನೂ 24 ವರ್ಷ. 1883ರಲ್ಲಿ ಕಾಲರಾದಿಂದ ಸಾಯುವವರೆಗೆ, ಬರೋಬ್ಬರಿ ಮೂವತ್ತು ವರ್ಷ, ಆ ಹುದ್ದೆಯಲ್ಲಿದ್ದರು. ಸಾಲದಲ್ಲಿ ಮುಳುಗಿದ್ದ ಸಂಸ್ಥಾನಕ್ಕೆ ಜಿಲ್ಲಾ ಆಡಳಿತ, ಕಂದಾಯ ವ್ಯವಸ್ಥೆ, ಹೊಸ ಶಾಲೆಗಳನ್ನು ತಂದವರು ಅವರೇ. 1857ರ ದಂಗೆಯಲ್ಲಿ ಅವರು ಹೈದರಾಬಾದನ್ನು ಬ್ರಿಟಿಷರ ಪರ ನಿಲ್ಲಿಸಿದರು. ಅದಕ್ಕೆ ಪ್ರತಿಫಲವೆಂಬಂತೆ 1860ರಲ್ಲಿ ರಾಯಚೂರು ದೋಆಬ್ ಮತ್ತೆ ನಿಜಾಮರ ಕೈಸೇರಿತು. ಆದರೆ ಅದೇ ದಂಗೆಯ ಕಾಲದಲ್ಲಿ, 1858ರಲ್ಲಿ, ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದು ಬ್ರಿಟಿಷರ ವಿರುದ್ಧ ಹೋರಾಡಿ ಮಡಿದದ್ದು ಕನ್ನಡಿಗರಿಗೆ ಮರೆಯುವ ಮಾತಲ್ಲ.

ಸಂಗ್ರಹದ ಗೀಳು ಕೂಡ ತಾತನಿಂದಲೇ ಬಂದದ್ದು. 1876ರಲ್ಲಿ ಯುರೋಪಿಗೆ ಹೋದ ಅವರು ರೋಮ್‌ನಲ್ಲಿ ಬೆನ್ಜೋನಿ ಎಂಬ ಶಿಲ್ಪಿಯಿಂದ ಮುಸುಕಿನ ರೆಬೆಕ್ಕಾ ಶಿಲ್ಪವನ್ನು ಕೊಂಡು ತಂದರು. ಮನೆತನದ ಅರಮನೆಯಾದ ದಿವಾನ್ ದೇವಡಿಯಲ್ಲಿ ಗೋಡೆಯ ತುಂಬ ಪಿಂಗಾಣಿ ಕೂರಿಸಿದ ಚೀನಿ ಖಾನಾ, ಕನ್ನಡಿಗಳ ಆಯಿನಾ ಖಾನಾ ಇದ್ದವು. ಪೂರ್ವ ದೇಶಗಳ ವಸ್ತುಗಳು ಮೊಮ್ಮಗನಿಗೆ ಹೊಸತಲ್ಲ, ಹುಟ್ಟಿದ ಮನೆಯ ಗೋಡೆಯಲ್ಲೇ ಇದ್ದವು.

ತಿಂಗಳು ತುಂಬದ ಕೂಸು

ಮೀರ್ ಯೂಸುಫ್ ಅಲಿ ಖಾನ್ ಹುಟ್ಟಿದ್ದು 1889ರ ಜೂನ್ 13ರಂದು, ಪುಣೆಯಲ್ಲಿ. ತಂದೆ ಮೀರ್ ಲಾಯಕ್ ಅಲಿ ಖಾನ್, ಎರಡನೇ ಸಾಲಾರ್ ಜಂಗ್, ಅವರೂ ದಿವಾನರಾಗಿದ್ದವರು. ಮಗುವಿಗೆ ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ತಾತ ಹೋಗಿ ಆಗಲೇ ಆರು ವರ್ಷ. ಅಷ್ಟು ದೊಡ್ಡ ಮನೆತನಕ್ಕೆ ವಾರಸುದಾರನಾಗಿ ಉಳಿದದ್ದು ತೊಟ್ಟಿಲ ಕೂಸು.

ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ಈ ಮಗುವಿನ ಕೈ ಬಿಡಲಿಲ್ಲ. ಹುಡುಗನ ಪಾಲನೆ, ಆಸ್ತಿಯ ಉಸ್ತುವಾರಿ ನಿಜಾಮರ ಕಣ್ಣಡಿಯಲ್ಲೇ ನಡೆಯಿತು. ನಿಜಾಂ ಕಾಲೇಜಿನಲ್ಲಿ ಓದು. ಮುಂದೆ ಜಹಗೀರು ಮತ್ತು ಸಾಲಾರ್ ಜಂಗ್ ಎಂಬ ಬಿರುದು ಎರಡೂ ಅವರಿಗೆ ಮರಳಿದವು.

ಅವರಿಗೆ 19 ವರ್ಷವಾಗಿದ್ದಾಗ, 1908ರ ಸೆಪ್ಟೆಂಬರ್ ಕೊನೆಯಲ್ಲಿ, ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನ ಸತ್ತರು. ಮತ್ತೆ ಅಂಥ ನೆರೆ ಬಾರದಂತೆ ಉಪಾಯ ಹೇಳಲು ನಿಜಾಮರು ಕರೆಸಿದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಬಂದವು. ಇಂದು ಸಾಲಾರ್ ಜಂಗ್ ಮ್ಯೂಸಿಯಂ ನಿಂತಿರುವುದು ಅದೇ ಮೂಸಿಯ ದಕ್ಷಿಣ ದಂಡೆಯಲ್ಲಿ.

1911ರಲ್ಲಿ ಮೆಹಬೂಬ್ ಅಲಿ ಖಾನ್ ತೀರಿಕೊಂಡು ಅವರ ಮಗ ಉಸ್ಮಾನ್ ಅಲಿ ಖಾನ್ ಏಳನೇ ನಿಜಾಮರಾದರು. ಮರುವರ್ಷವೇ, 1912ರಲ್ಲಿ, ಮಹಾರಾಜ ಕಿಶನ್ ಪ್ರಸಾದರ ಜಾಗಕ್ಕೆ ಯೂಸುಫ್ ಅಲಿ ಖಾನ್ ದಿವಾನರಾದರು. ವಯಸ್ಸು 23. ತಾತನಿಗಿಂತ ಒಂದು ವರ್ಷ ಮುಂಚೆ! ಆದರೆ ತಾತನ ಮೂವತ್ತು ವರ್ಷ ಮೊಮ್ಮಗನಿಗೆ ಒದಗಲಿಲ್ಲ. 1914ರ ಕೊನೆಯಲ್ಲಿ ಅವರು ಹುದ್ದೆ ಬಿಟ್ಟರು. ಆಮೇಲೆ ಕೆಲವು ವರ್ಷ ಉಸ್ಮಾನ್ ಅಲಿ ಖಾನ್ ದಿವಾನರೇ ಇಲ್ಲದೆ ಆಡಳಿತವನ್ನು ತಾವೇ ನೋಡಿಕೊಂಡರು. ಎಲ್ಲವನ್ನೂ ಸ್ವಂತ ಮುಷ್ಟಿಯಲ್ಲಿ ಇಟ್ಟುಕೊಳ್ಳಬಯಸಿದ ದೊರೆಯ ಕೆಳಗೆ ದೊಡ್ಡ ಹೆಸರಿನ ದಿವಾನ ಬಹುಕಾಲ ಉಳಿಯುವುದು ಕಷ್ಟವೇ ಇತ್ತು.

25 ವರ್ಷದ ತರುಣ. ಕೈತುಂಬ ಹಣ, ದೊಡ್ಡ ಅರಮನೆ, ಮಾಡಲು ಸರ್ಕಾರಿ ಕೆಲಸವಿಲ್ಲ, ಸಂಸಾರವಿಲ್ಲ. ಮುಂದಿನ ಸುಮಾರು 35 ವರ್ಷ ಅವರು ಮಾಡಿದ್ದು ವಸ್ತುಗಳನ್ನು ಕೊಳ್ಳುವ ಕೆಲಸ.

ಅರಗಲ್ಲ, ಮರದ ಹಾಲು

ಜಪಾನಿನ ಲ್ಯಾಕರ್ ಕೆಲಸವನ್ನು ಕನ್ನಡಿಗರು ಸಾಮಾನ್ಯವಾಗಿ ಚನ್ನಪಟ್ಟಣದ ಗೊಂಬೆಗಳ ಜೊತೆ ಹೋಲಿಸುತ್ತಾರೆ. ಹೊಳಪು ಒಂದೇ ತರಹ ಕಂಡರೂ ಎರಡಕ್ಕೂ ಸಂಬಂಧವಿಲ್ಲ. ಚನ್ನಪಟ್ಟಣದ ಅರಗು ಕೀಟದಿಂದ ಬರುತ್ತದೆ, ತಿರುಗುವ ಮರದ ತುಂಡಿಗೆ ಒತ್ತಿ ಹಿಡಿದರೆ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಜಪಾನಿನವರು ಬಳಸುವುದು ಉರುಶಿ ಎಂಬ ಮರದ ತೊಗಟೆ ಗೀರಿ ತೆಗೆದ ಹಾಲು. ಹತ್ತು ಹದಿನೈದು ವರ್ಷ ಬೆಳೆದ ಮರವೊಂದು ಒಂದು ಹಂಗಾಮಿನಲ್ಲಿ ಕೊಡುವುದು ಸುಮಾರು 200 ಗ್ರಾಂ ಮಾತ್ರ. ಅಷ್ಟಾದ ಮೇಲೆ ಆ ಮರವನ್ನು ಕಡಿಯುತ್ತಾರೆ.

ಉರುಶಿ ನಮ್ಮ ಗೇರು, ಮಾವು ಮತ್ತು ಕರಿಗೇರಿನ ಕುಟುಂಬಕ್ಕೆ ಸೇರಿದ ಮರ. ಹಿಂದೆ ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದುದು ಕರಿಗೇರಿನ ಸೊನೆಯಿಂದಲೇ. ಅದು ತಾಗಿದರೆ ಮೈ ಹೇಗೆ ಉರಿದು ಬೊಬ್ಬೆ ಏಳುತ್ತದೋ ಹಸಿ ಉರುಶಿ ತಾಗಿದರೂ ಹಾಗೆಯೇ. ಗಟ್ಟಿಯಾದ ಮೇಲೆ ಅದರಿಂದ ತೊಂದರೆಯಿಲ್ಲ. ನೀರು, ಬಿಸಿ ಅನ್ನ, ಹುಳಿ ಯಾವುದಕ್ಕೂ ಜಗ್ಗುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ನಮ್ಮ ಬಣ್ಣ, ವಾರ್ನಿಶ್ ಎಲ್ಲವೂ ಒಣ ಗಾಳಿಯಲ್ಲಿ ಬೇಗ ಆರುತ್ತವೆ. ಉರುಶಿ ಗಟ್ಟಿಯಾಗಲು ತೇವ ಬೇಕು. ಹಾಗಾಗಿ ಪ್ರತಿ ಲೇಪ ಬಳಿದ ಮೇಲೂ ವಸ್ತುವನ್ನು ತೇವ ತುಂಬಿದ ಮರದ ಕಪಾಟಿನಲ್ಲಿ ಇಟ್ಟು ಕಾಯುತ್ತಾರೆ. ಮರದ ಪೆಟ್ಟಿಗೆಗೆ ಬಟ್ಟೆ ಅಂಟಿಸಿ, ಅದರ ಮೇಲೆ ಮಣ್ಣಿನ ಪುಡಿ ಬೆರೆಸಿದ ಉರುಶಿ, ಆಮೇಲೆ ಲೇಪದ ಮೇಲೆ ಲೇಪ, ಪ್ರತಿಯೊಂದನ್ನೂ ಇದ್ದಿಲಿನಿಂದ ಉಜ್ಜಿ ನುಣುಪು ಮಾಡುವುದು. ಒಂದು ಒಳ್ಳೆಯ ಪೆಟ್ಟಿಗೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಚಿತ್ತಾರ ಬರುವುದು ಕೊನೆಗೆ. ಉರುಶಿಯಲ್ಲೇ ಚಿತ್ರ ಬರೆದು, ಅದು ಹಸಿಯಾಗಿರುವಾಗಲೇ ಸಣ್ಣ ಕೊಳವೆಯಿಂದ ಚಿನ್ನದ ಪುಡಿ ಉದುರಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ರಂಗೋಲಿಗೆ ಬಣ್ಣ ತುಂಬುವಾಗ ಬೆರಳ ಸಂದಿಯಿಂದ ಪುಡಿ ಬಿಡುವ ಹದ ನೆನಪಾಗುವಂಥ ಕೆಲಸ. ಇದರ ಹೆಸರು ಮಾಕಿಎ, ಅಂದರೆ ಉದುರಿಸಿ ಬರೆದ ಚಿತ್ರ. ಬೆಟ್ಟ, ಬಂಡೆ, ಹೂಗಳನ್ನು ಉಬ್ಬಿಸಿ ತೋರಿಸುವ ರೀತಿಯೂ ಇದೆ. ಚಿತ್ರದ ಮೇಲೆ ಮತ್ತೊಂದು ಲೇಪ ಬಳಿದು ಅದನ್ನು ಉಜ್ಜುತ್ತಾ ಹೋಗಿ ಒಳಗಿನ ಚಿನ್ನ ಮತ್ತೆ ಮೇಲೆ ಬರುವಂತೆ ಮಾಡುವ ರೀತಿಯೂ ಇದೆ. ಚಿಪ್ಪು ಕೂರಿಸುವ ಕೆಲಸಕ್ಕೆ ರಾಡೆನ್ ಎನ್ನುತ್ತಾರೆ. ಕಡಲ ಚಿಪ್ಪನ್ನು ತೆಳುವಾಗಿ ತೇಯ್ದು, ಎಲೆ, ಹಕ್ಕಿ, ಚಂದ್ರನ ಆಕಾರಕ್ಕೆ ಕತ್ತರಿಸಿ ಲೇಪದೊಳಗೆ ಕೂರಿಸುತ್ತಾರೆ. ನೋಡುವ ಕೋನ ಬದಲಾದರೆ ಹಸಿರು ನೀಲಿಯಾಗುತ್ತದೆ, ನೀಲಿ ಗುಲಾಬಿಯಾಗುತ್ತದೆ.

ಕಪ್ಪಿನ ಮೇಲೆ ಹೊಳಪು ಕೂರಿಸುವ ಈ ರುಚಿ ದಖ್ಖನ್ನಿನವರಿಗೆ ಮೊದಲೇ ಗೊತ್ತಿತ್ತು. ಬೀದರ್ ಕೋಟೆಯ ರಂಗೀನ್ ಮಹಲಿನ ಒಳಗೆ ಹೋದವರು ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಾಗಿಲ ಚೌಕಟ್ಟನ್ನು ನೋಡಿರಬಹುದು. 16ನೇ ಶತಮಾನದಲ್ಲಿ ಅಲಿ ಬರೀದ್ ಶಾಹನ ಕಾಲದ ಕೆಲಸ ಅದು. ಬಿದರಿ ಹೂಜಿಗಳ ಕಪ್ಪು ಮೈಯಲ್ಲಿ ಬೆಳ್ಳಿಯ ಎಳೆ ಹೊಳೆಯುವುದೂ ಇದೇ ಲೆಕ್ಕ. ಸಾಲಾರ್ ಜಂಗರ ಸಂಗ್ರಹದಲ್ಲಿ ಬಿದರಿಯೂ ಇದೆ, ಜಪಾನಿನ ಲ್ಯಾಕರ್ ಕೂಡ ಇದೆ. ಒಂದರ ಮೇಲೆ ಕಣ್ಣು ಪಳಗಿದವರಿಗೆ ಇನ್ನೊಂದು ಪರಕೀಯ ಅನ್ನಿಸಿರಲಾರದು.

ಇತಿಹಾಸದಲ್ಲಿ ಕೂಡ ಇವು ಪೂರ್ತಿ ಬೇರೆ ಬೇರೆಯಲ್ಲ. ಪೋರ್ಚುಗೀಸರು 1543ರಲ್ಲಿ ಜಪಾನ್ ತಲುಪಿದ ಮೇಲೆ ಅವರಿಗಾಗಿ, ಅವರ ಚರ್ಚುಗಳಿಗಾಗಿ ಅಲ್ಲಿನ ಕುಶಲಕರ್ಮಿಗಳು ಪೆಟ್ಟಿಗೆಗಳನ್ನು ಮಾಡಿಕೊಡತೊಡಗಿದರು. ಅವುಗಳ ಮೈತುಂಬ ಒತ್ತೊತ್ತಾಗಿ ಚಿಪ್ಪು ತುಂಬಿರುತ್ತದೆ. ಗೋವಾ ಹಾದಿಯಲ್ಲಿ ಓಡಾಡುತ್ತಿದ್ದ ಪೋರ್ಚುಗೀಸರು ಗುಜರಾತಿನ ಚಿಪ್ಪಿನ ಕೆಲಸಕ್ಕೆ ಮನಸೋತಿದ್ದರು, ಅದೇ ರುಚಿಯನ್ನು ಜಪಾನಿಗೂ ಒಯ್ದರು ಎಂಬುದು ವಿದ್ವಾಂಸರ ಅಭಿಪ್ರಾಯ.

ಅರಮನೆಯ ಬಾಗಿಲಲ್ಲಿ ವ್ಯಾಪಾರಿಗಳು

ಜಪಾನಿನ ಹಳೆಯ ಲ್ಯಾಕರ್ ಪೆಟ್ಟಿಗೆಗಳು ಜಗತ್ತಿನ ಮಾರುಕಟ್ಟೆಗೆ ಬಂದದ್ದರ ಹಿಂದೆ ಒಂದು ವರ್ಗದ ಪತನದ ಕಥೆಯಿದೆ. 1868ರಲ್ಲಿ ಅಲ್ಲಿ ಚಕ್ರವರ್ತಿಯ ಆಡಳಿತ ಮರಳಿ ಬಂತು. 1871ರಲ್ಲಿ ದೈಮ್ಯೊ ಎಂಬ ಪಾಳೇಗಾರರ ಸೀಮೆಗಳು ರದ್ದಾದವು. 1876ರಲ್ಲಿ ಸಮುರಾಯ್‌ಗಳ ವಂಶಪಾರಂಪರ್ಯ ವೇತನ ನಿಂತಿತು. ಸೊಂಟಕ್ಕೆ ಕತ್ತಿ ಕಟ್ಟಿ ಓಡಾಡುವುದಕ್ಕೂ ಅದೇ ವರ್ಷ ನಿಷೇಧ ಬಂತು. ಮದುವೆಗೆಂದು ಮಾಡಿಸಿದ ಪೆಟ್ಟಿಗೆಗಳು, ಬರವಣಿಗೆಯ ಡಬ್ಬಿಗಳು, ಸೊಂಟಕ್ಕೆ ತೂಗಿಸುವ ಪುಟ್ಟ ಔಷಧದ ಕರಡಿಗೆಗಳು, ಕತ್ತಿಗಳು ಎಲ್ಲ ಹಳೆಯ ಮನೆಗಳಿಂದ ಹೊರಬಿದ್ದವು. ಕೊಳ್ಳಲು ಪ್ಯಾರಿಸ್, ಲಂಡನ್ ಕಾದಿದ್ದವು.

1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಕಳಿಸಿದ್ದ ಜಪಾನಿ ವಸ್ತುಗಳನ್ನು ಹೊತ್ತು ಮರಳುತ್ತಿದ್ದ ಫ್ರೆಂಚ್ ಹಡಗು ನೀಲ್ 1874ರಲ್ಲಿ ಜಪಾನಿನ ತೀರದ ಹತ್ತಿರವೇ ಮುಳುಗಿತು. ಬಹುಕಾಲ ಉಪ್ಪುನೀರಿನಲ್ಲಿ ಬಿದ್ದಿದ್ದ ಕೆಲವು ಲ್ಯಾಕರ್ ವಸ್ತುಗಳನ್ನು ಮೇಲೆತ್ತಿದಾಗ ಅವು ಹೆಚ್ಚು ಕೆಟ್ಟಿರಲಿಲ್ಲ. ಹಳೆಯ ಲ್ಯಾಕರಿನ ಕೀರ್ತಿ ಇದರಿಂದ ಇನ್ನೂ ಏರಿತು. ಬೇಡಿಕೆ ಹೆಚ್ಚಿದಂತೆ ವಿದೇಶಿ ಗಿರಾಕಿಗಳಿಗೆಂದೇ ಹೊಸ ವಸ್ತುಗಳೂ ತಯಾರಾದವು. ಚಿಪ್ಪು, ದಂತ, ಹವಳಗಳನ್ನು ಉಬ್ಬಾಗಿ ಕೂರಿಸಿದ, ಕಣ್ಣು ಕುಕ್ಕುವಂಥ ಶಿಬಯಾಮ ಶೈಲಿಯ ಕೆಲಸ ಅವುಗಳಲ್ಲಿ ಬಲು ಜನಪ್ರಿಯ.

ಸಾಲಾರ್ ಜಂಗ್ ಕೊಳ್ಳಲು ಶುರು ಮಾಡಿದ್ದು ಈ ಅಲೆ ಬಂದು ಹೋದ ಮೇಲೆ. ಅವರ ಆಸಕ್ತಿಯ ಸುದ್ದಿ ಹರಡಿದಂತೆ ದಿವಾನ್ ದೇವಡಿಯ ಬಾಗಿಲಿಗೆ ವ್ಯಾಪಾರಿಗಳು ಸಾಲುಗಟ್ಟಿದರು. ವಿದೇಶಗಳಲ್ಲಿ ಅವರ ಏಜೆಂಟರಿದ್ದರು. ಹೆಸರಾಂತ ಅಂಗಡಿಗಳ ಕ್ಯಾಟಲಾಗುಗಳು, ಪಟ್ಟಿಗಳು ಹೈದರಾಬಾದಿಗೆ ಬರುತ್ತಿದ್ದವು. ಬರೀ ಕಾಗದ ನೋಡಿ ಕೊಂಡವರಲ್ಲ ಅವರು. ಯುರೋಪ್ ಮತ್ತು ಮಧ್ಯಪ್ರಾಚ್ಯಕ್ಕೆ ತಾವೇ ಹೋಗಿ ಆರಿಸಿ ತಂದರು. ಕವಿಗಳಿಗೆ, ಬರಹಗಾರರಿಗೆ, ಕಲಾವಿದರಿಗೆ ಅವರ ಮನೆಯಲ್ಲಿ ಆಸರೆಯಿತ್ತು. ಹಸ್ತಪ್ರತಿಗಳು ಸಾವಿರಗಟ್ಟಲೆ ಸೇರಿದವು.

ಅವರದು ಆಯ್ದು ಆಯ್ದು ಕೂಡಿಡುವ ತಜ್ಞನ ಸಂಗ್ರಹ ಎನ್ನಲಾಗದು. ಜಹಾಂಗೀರನ ಕಠಾರಿ, ಇಲ್ತುಮಿಶ್ ಹೆಸರಿರುವ ಹಸಿರುಕಲ್ಲಿನ ಪುಸ್ತಕ ಪೀಠದ ಜೊತೆಗೆ ಊರುಗೋಲುಗಳು, ಆಟಿಕೆ ರೈಲು, ತವರದ ಸಿಪಾಯಿಗಳೂ ಅವರ ಮನೆ ಸೇರಿದವು. ಮೇಲ್ಮಟ್ಟದ ಕೃತಿಯ ಪಕ್ಕದಲ್ಲೇ ಸಾಧಾರಣ ವಸ್ತು. ಯುರೋಪಿನ ವಿಭಾಗದಲ್ಲಿ ನಕಲುಗಳೂ ಇವೆ. ಮ್ಯೂಸಿಯಂನ ಜಪಾನಿ ವಸ್ತುಗಳು 17ರಿಂದ 20ನೇ ಶತಮಾನದವರೆಗಿನವು. ಅಂದರೆ ಪಾಳೇಗಾರರ ಕಾಲದ್ದೂ ಇದೆ, ವಿದೇಶಿ ಗಿರಾಕಿಗಳ ಕಾಲದ್ದೂ ಇದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ಆದರೆ ಎರಡೂ ಒಂದೇ ಸೂರಿನಡಿ ಇದ್ದಾಗ ಜಪಾನಿನ ಕುಶಲಕರ್ಮಿ ತನ್ನ ಒಡೆಯನಿಗೆ ಏನು ಮಾಡುತ್ತಿದ್ದ, ಹಡಗಿಗೆ ಏನು ಮಾಡಿ ಕಳಿಸಿದ ಎಂಬುದು ಪಕ್ಕಪಕ್ಕದಲ್ಲಿ ಕಾಣುತ್ತದೆ. ನೋಡುವವರಿಗೆ ಅದೂ ಲಾಭವೇ.

ಕೊಪ್ಪಳದ ಕಂದಾಯ, ಕಿನ್ನಾಳದ ಮಿನುಗು

ಇಷ್ಟೆಲ್ಲ ಕೊಳ್ಳಲು ಹಣ ಎಲ್ಲಿಂದ ಬಂತು? ಸಾಲಾರ್ ಜಂಗ್ ಮನೆತನದ ಜಹಗೀರುಗಳು ಸಂಸ್ಥಾನದ ಹಲವು ಕಡೆ ಹರಡಿದ್ದವು. ಮರಾಠವಾಡದ ಅಜಂತಾ ಗ್ರಾಮ ಅವರದ್ದು. ಆಗ ರಾಯಚೂರು ಜಿಲ್ಲೆಯಲ್ಲಿದ್ದ ಕೊಪ್ಪಳವೂ ಅವರ ಜಹಗೀರು. ಕೊಪ್ಪಳದ ಜೋಳ, ಹತ್ತಿ ಬೆಳೆದ ರೈತ ಕಟ್ಟಿದ ಕಂದಾಯ ಮೂಸಿ ದಂಡೆಯ ಅರಮನೆಗೆ ಹೋಗುತ್ತಿತ್ತು. ಅಲ್ಲಿಂದ ಅದರ ಒಂದು ಪಾಲು ಲಂಡನ್ನಿನ, ಮುಂಬೈಯ ಅಂಗಡಿಗಳಿಗೆ. ಮ್ಯೂಸಿಯಂನ ಫಲಕಗಳು ನವಾಬರ ಅಭಿರುಚಿಯನ್ನು ಹೊಗಳುವಾಗ ಈ ದಾರಿಯೂ ನೆನಪಿನಲ್ಲಿರಬೇಕು. ನೆಲದ ಒಡೆತನ ಒಂದು ಮನೆತನದ ಕೈಯಲ್ಲಿ ಕೂಡಿರದಿದ್ದರೆ ಇಂಥ ಸಂಗ್ರಹ ಹುಟ್ಟುತ್ತಲೇ ಇರಲಿಲ್ಲ.

ಅದೇ ಕೊಪ್ಪಳ ತಾಲ್ಲೂಕಿನಲ್ಲಿ ಕಿನ್ನಾಳ ಎಂಬ ಊರಿದೆ. ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ದೇವರು, ಗೌರಿ, ಪ್ರಾಣಿಗಳ ಗೊಂಬೆ ಮಾಡುವ ಊರು. ತವರವನ್ನು ಕುಟ್ಟಿ ಪುಡಿ ಮಾಡಿ, ಅಂಟಿನಲ್ಲಿ ಕಲಸಿ ಗೊಂಬೆಗೆ ಬಳಿದು ಉಜ್ಜಿದರೆ ಚಿನ್ನದ ಹಾಗೆ ಹೊಳೆಯುತ್ತದೆ. ಈ ವಿದ್ಯೆಗೆ ಅವರು ಲಾಜವಾರ ಎನ್ನುತ್ತಾರೆ. ಜಪಾನಿನ ಕುಶಲಕರ್ಮಿ ನಿಜವಾದ ಚಿನ್ನ ಉದುರಿಸಿದ, ಕಿನ್ನಾಳದವರು ತವರದಲ್ಲೇ ಚಿನ್ನದ ಮಿನುಗು ತಂದರು. ನವಾಬರಿಗೆ ಕಂದಾಯ ಬರುತ್ತಿದ್ದ ನೆಲದಲ್ಲೇ ಅಂಥ ಕೈಗಳಿದ್ದವು.

ಆಸ್ತಿ ಹಂಚಿಹೋಗುವ ಹೊತ್ತು

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಹೆಜ್ಜೆಯಿಟ್ಟಿತು. ಐದೇ ದಿನಗಳಲ್ಲಿ ಎಲ್ಲ ಮುಗಿಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ, 1949ರ ಮಾರ್ಚ್ 2ರಂದು, ಸಾಲಾರ್ ಜಂಗ್ ತೀರಿಕೊಂಡರು. ವಯಸ್ಸು 59. ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನ ಜಹಗೀರುಗಳೆಲ್ಲ ರದ್ದಾದವು. ಜಪಾನಿನ ಪಾಳೇಗಾರರಿಗೆ 1870ರ ದಶಕದಲ್ಲಿ ಆದದ್ದು ಹೈದರಾಬಾದಿನ ನವಾಬರಿಗೆ 1949ರಲ್ಲಿ ಆಯಿತು. ಅಂಥ ಮನೆಗಳಿಂದ ಹೊರಬಿದ್ದ ವಸ್ತುಗಳನ್ನು ಜೀವಮಾನವಿಡೀ ಕೊಂಡ ಮನುಷ್ಯನ ಮನೆಯೇ ಈಗ ಆ ಸ್ಥಿತಿಯಲ್ಲಿತ್ತು.

ಮಕ್ಕಳಿಲ್ಲ, ಹಕ್ಕು ಕೇಳುವ ಬಂಧುಗಳು ಹಲವರು. ಸಾವಿರಾರು ವಸ್ತುಗಳು ಅರಮನೆಯ ಕೋಣೆಗಳಲ್ಲಿ ತುಂಬಿಕೊಂಡಿದ್ದವು. ಪಾಲು ಹಾಕಿದ್ದರೆ ಹರಾಜಿನವರು, ವ್ಯಾಪಾರಿಗಳು ಬಂದು ಕೆಲವೇ ವರ್ಷಗಳಲ್ಲಿ ಖಾಲಿ ಮಾಡುತ್ತಿದ್ದರು. ದೇಶದ ಎಷ್ಟೋ ಅರಮನೆಗಳಲ್ಲಿ ಆದದ್ದು ಅದೇ ತಾನೆ?

ಇಲ್ಲಿ ಹಾಗಾಗಲಿಲ್ಲ. ಭಾರತ ಸರ್ಕಾರ ಆಸ್ತಿ ನೋಡಿಕೊಳ್ಳಲು ಸಾಲಾರ್ ಜಂಗ್ ಎಸ್ಟೇಟ್ ಸಮಿತಿ ನೇಮಿಸಿತು. ಆಗ ಹೈದರಾಬಾದಿನ ಆಡಳಿತದ ಹೊಣೆ ಹೊತ್ತಿದ್ದ ಎಂ.ಕೆ. ವೆಲ್ಲೋಡಿ ಅವರಿಗೆ ಸಂಗ್ರಹವನ್ನು ಮ್ಯೂಸಿಯಂ ಮಾಡುವ ಯೋಚನೆ ಬಂತು. ವಸ್ತುಗಳನ್ನು ಜೋಡಿಸಿಕೊಡಲು ಅವರು ಕರೆದದ್ದು ಐರ್ಲೆಂಡಿನ ಕವಿ, ಕಲಾ ವಿಮರ್ಶಕ ಜೇಮ್ಸ್ ಕಸಿನ್ಸ್ ಅವರನ್ನು.

ಕನ್ನಡ ಓದುಗರಿಗೆ ಈ ಹೆಸರು ಹೊಸದಲ್ಲ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು 1924ರಲ್ಲಿ ಮೈಸೂರಿನಲ್ಲಿ ತಮ್ಮ ಪದ್ಯಗಳನ್ನು ತೋರಿಸಿದ್ದು ಇದೇ ಕಸಿನ್ಸ್ ಅವರಿಗೆ. ತಾಯ್ನುಡಿಯಲ್ಲಿ ಬರೆಯುವಂತೆ ಹುರಿದುಂಬಿಸಿದವರೂ ಇವರೇ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸುವಲ್ಲೂ ಅವರ ಪಾತ್ರವಿತ್ತು. 1919-20ರಲ್ಲಿ ಟೋಕಿಯೊದ ಕೇಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಬಂದಿದ್ದ ಅವರಿಗೆ ಜಪಾನಿನ ಕಲೆಯ ಪರಿಚಯವೂ ಇತ್ತು. ದಿವಾನ್ ದೇವಡಿಯ ರಾಶಿಯಲ್ಲಿ ಜಪಾನಿನ ವಸ್ತುಗಳನ್ನು ಗುರುತಿಸಲು ಇವರಿಗಿಂತ ಒಳ್ಳೆಯವರು ಆ ಕಾಲದ ಭಾರತದಲ್ಲಿ ಹೆಚ್ಚು ಮಂದಿ ಇರಲಿಲ್ಲ.

1951ರ ಡಿಸೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ದಿವಾನ್ ದೇವಡಿಯಲ್ಲೇ ಮ್ಯೂಸಿಯಂ ತೆರೆದರು. ಆದರೂ ಆಸ್ತಿಯ ತಂಟೆ ಮುಗಿದಿರಲಿಲ್ಲ. 1958ರಲ್ಲಿ ಹೈಕೋರ್ಟಿನಲ್ಲಿ ರಾಜಿಯಾಗಿ, ಬಂಧುಗಳು ಸಂಗ್ರಹವನ್ನು ದೇಶಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಸಾರಿತು. 1968ರಲ್ಲಿ ಎಲ್ಲವೂ ಈಗಿನ ಕಟ್ಟಡಕ್ಕೆ ಬಂದವು. ಮುಂದೆ ಎರಡು ಬದಿಗೆ ಎದ್ದ ಕಟ್ಟಡಗಳಲ್ಲಿ ಪೂರ್ವದ್ದಕ್ಕೆ ತಾತನ ಹೆಸರು, ಪಶ್ಚಿಮದ್ದಕ್ಕೆ ತಂದೆಯ ಹೆಸರು. ಅಷ್ಟೆಲ್ಲ ವಸ್ತುಗಳಿಗೆ ಆಸರೆಯಾಗಿದ್ದ ದಿವಾನ್ ದೇವಡಿ ಮಾತ್ರ ಉಳಿಯಲಿಲ್ಲ. ಹೆಬ್ಬಾಗಿಲು ಬಿಟ್ಟರೆ ಅದರ ಬಹುಪಾಲು ನೆಲಸಮವಾಗಿದೆ.

ಬಿಸಿಲ ನಾಡಿನಲ್ಲಿ ತೇವದ ವಸ್ತು

ಜಪಾನಿನ ತೇವದ ಗಾಳಿಯಲ್ಲಿ ಹುಟ್ಟಿದ ಲ್ಯಾಕರಿಗೆ ಹೈದರಾಬಾದಿನ ಮೇ ತಿಂಗಳು ಒಳ್ಳೆಯ ನೆರೆಯಲ್ಲ. ಗಾಳಿ ಒಣಗಿದರೆ ಒಳಗಿನ ಮರ ಕುಗ್ಗುತ್ತದೆ, ಮೇಲಿನ ಲೇಪ ಬಿರಿಯುತ್ತದೆ, ಚಿಪ್ಪಿನ ಚೂರುಗಳು ಅಂಚಿನಿಂದ ಏಳತೊಡಗುತ್ತವೆ. ಬೆಳಕು ಇನ್ನೂ ದೊಡ್ಡ ಶತ್ರು. ಬಿಸಿಲು ಬಿದ್ದ ಕಡೆ ಕಪ್ಪು ಕಂದಾಗುತ್ತದೆ, ಹೊಳಪು ಮಂಕಾಗುತ್ತದೆ, ಅದನ್ನು ಮತ್ತೆ ತರಲಾಗದು. ಅದಕ್ಕೇ ಜಗತ್ತಿನ ಮ್ಯೂಸಿಯಂಗಳಲ್ಲಿ ಇವುಗಳ ಕೋಣೆಗೆ ಮಬ್ಬು ಬೆಳಕು, ಗಾಜಿನ ಪೆಟ್ಟಿಗೆಯೊಳಗೆ ಹದವಾದ ತೇವ. ಕತ್ತಲಾಯಿತಲ್ಲ ಎಂದು ಗೊಣಗುವವರು ಇದನ್ನು ತಿಳಿದಿರುವುದು ಒಳ್ಳೆಯದು.

ನೋಡುವುದಕ್ಕೂ ಒಂದು ರೀತಿಯಿದೆ. ಎದುರಿಗೆ ನಿಂತು ನೋಡಿದರೆ ಅರ್ಧವಷ್ಟೇ ಕಾಣುತ್ತದೆ. ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಸರಿದರೆ ಚಿಪ್ಪಿನ ಬಣ್ಣ ತಿರುಗುತ್ತದೆ. ಸ್ವಲ್ಪ ಬಗ್ಗಿ ನೋಡಿದರೆ ಚಿನ್ನದ ಗೆರೆ ಉಬ್ಬಿದ್ದೋ ಮಟ್ಟಸವೋ ತಿಳಿಯುತ್ತದೆ. ಮುಚ್ಚಳದ ಅಂಚು, ಮೂಲೆಗಳಲ್ಲಿ ಸವೆದ ಗುರುತು ಇದ್ದರೆ ಅದನ್ನು ಯಾರೋ ದಿನವೂ ತೆರೆದು ಮುಚ್ಚಿದ್ದರು ಎಂದು ಊಹಿಸಬಹುದು.

ನವಾಬರು ಕೊನೆಯದಾಗಿ ಕೊಂಡದ್ದು ಲ್ಯಾಕರ್ ಅಲ್ಲ, ದಂತದ ಕುರ್ಚಿಗಳ ಒಂದು ಸೆಟ್. ಫ್ರಾನ್ಸಿನ ದೊರೆ 16ನೇ ಲೂಯಿ ಮೈಸೂರಿನ ಟಿಪ್ಪು ಸುಲ್ತಾನನಿಗೆ ಉಡುಗೊರೆ ಕೊಟ್ಟವು ಎಂಬ ಪ್ರತೀತಿ ಅವುಗಳಿಗಿದೆ. ದಂತದ ಪೀಠೋಪಕರಣಗಳನ್ನು ವಿಶಾಖಪಟ್ಟಣ, ಮುರ್ಷಿದಾಬಾದಿನಲ್ಲೂ ಮಾಡುತ್ತಿದ್ದರು, ಹಾಗಾಗಿ ಈ ಮಾತನ್ನು ಪ್ರತೀತಿ ಎಂದೇ ಇಟ್ಟುಕೊಳ್ಳುವುದು ಸರಿ. ಲೂಯಿಯ ರಾಣಿ ಮರೀ ಆಂಟನೆಟ್ ಮಾತ್ರ ಜಪಾನಿನ ಚಿನ್ನದ ಲ್ಯಾಕರ್ ಪೆಟ್ಟಿಗೆಗಳ ಮೋಹಿಯಾಗಿದ್ದದ್ದು ನಿಜ. ತಾಯಿ ಮರಿಯಾ ತೆರೇಸಾ ಬಿಟ್ಟುಹೋದ ಪೆಟ್ಟಿಗೆಗಳಿಂದ ಶುರುವಾದ ಆಕೆಯ ಸಂಗ್ರಹ, ಕ್ರಾಂತಿಯ ವರ್ಷ 1789ರಲ್ಲಿ ಪ್ಯಾರಿಸ್ಸಿನ ವ್ಯಾಪಾರಿಯೊಬ್ಬನ ಸುಪರ್ದಿಗೆ ಹೋಗಿ ಉಳಿದುಕೊಂಡಿತು. ಈಗ ಅದರ ಪೆಟ್ಟಿಗೆಗಳು ಫ್ರಾನ್ಸಿನ ಮ್ಯೂಸಿಯಂಗಳಲ್ಲಿವೆ.

ಸಾಲಾರ್ ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ. ಉಳಿದ ದಿನಗಳಲ್ಲಿ ಗಡಿಯಾರ ಬಾರಿಸುವ ಹೊತ್ತಿಗೆ ಜನರೆಲ್ಲ ಅದರ ಮುಂದೆ ಸೇರಿರುತ್ತಾರೆ. ಜಪಾನಿನ ವಿಭಾಗಕ್ಕೆ ಹೋಗಲು ಅದೇ ಒಳ್ಳೆಯ ಸಮಯ.